ಹಿಂದುಮುಂದಾದ ಚಕ್ರ

ಈ ಸಲ ವಿಮಾನದ ಚಕ್ರವೇ ಹಿಂದುಮುಂದಾಗಿತ್ತು. ಹೊನ್ನಿ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

ಗಂಡ ನಾಗಪತಿಗೆ ಸಿದ್ದಾಪುರದಲ್ಲಿ ಗಡಿಯಾರ ರಿಪೇರಿ ಅಂಗಡಿ. ಬಿಡುವಿನಲ್ಲಿ ಪ್ಲಾಸ್ಟಿಕ್ ತುಂಡು ಜೋಡಿಸಿ, ಬಣ್ಣ ಬಳಿದು, ಅಂಗೈಯಗಲದ ವಿಮಾನ ಮಾಡುವುದು ಅವನ ಹುಚ್ಚು. ಇಷ್ಟು ವರ್ಷ ಒಂದು ಗೆರೆ ತಪ್ಪದವನು ಈಗ ರೆಕ್ಕೆಯನ್ನು ಸೊಟ್ಟಗೆ ಕೂರಿಸುತ್ತಿದ್ದ, ಬಾಲದ ಗುರುತನ್ನು ತಲೆಕೆಳಗು ಅಂಟಿಸುತ್ತಿದ್ದ. ಗಟ್ಟಿ ಅಂಟು ಬಿಟ್ಟು ಮಕ್ಕಳ ಗೋಂದು ಹಚ್ಚುತ್ತಿದ್ದ. ಬಾಟಲಿಯ ಹೆಸರೂ ಕಾಣದ ಕಣ್ಣಿಗೆ ಗಡಿಯಾರದ ಮುಳ್ಳು ಕಂಡೀತೇ? ಗಿರಾಕಿಗಳು ಇನ್ನೂ ದೂರಿರಲಿಲ್ಲ, ಅದೇ ಪುಣ್ಯ.

ಅಂಗಡಿ ಮುಚ್ಚಿದರೆ ಒಲೆ ಆರಿದಂತೆಯೇ. ಹೊನ್ನಿಯ ಹೊಲಿಗೆ ಮಿಷನ್ ಆಗಲೇ ಮುಸುಕು ಹೊದ್ದು ಕೂತಿತ್ತು. ಸ್ಕೂಟಿಯಿಂದ ಬಿದ್ದು ಬಲಗೈ ಮುರಿದವಳಿಗೆ ಪಟ್ಟಿ ಬಿಚ್ಚಿದ ಮೇಲೂ ಬೆರಳು ಮಡಚಲು ಬರುತ್ತಿರಲಿಲ್ಲ. ಹಿಚುಕಲು ಮೂಳೆ ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು, ತಾನೇನು ಎಳೆಕೂಸೇ ಎಂದು ಬೆಕ್ಕಿಗೆ ಎಸೆದಿದ್ದಳು. ಯಾರು ಹೇಳಿದರೂ ಕೇಳುವ ಜಾಯಮಾನವಲ್ಲ ಅವಳದು.

ಕಣ್ಣಿನ ಮಾತೆತ್ತಿ ಅವನ ಮನಸ್ಸು ನೋಯಿಸಲು ಅವಳಿಗೆ ಬಾಯಿ ಬರಲಿಲ್ಲ. ಅವನು ಅಂಗಡಿಗೆ ಹೋದ ಕೂಡಲೇ ಚಿಮಟ ಹಿಡಿದು ಕೂರುತ್ತಿದ್ದಳು. ಗೋಂದು ಕೆರೆದು, ಚಕ್ರ ಕಿತ್ತು, ಸರಿಯಾಗಿ ಕೂರಿಸುತ್ತಿದ್ದಳು. ಮೊದಮೊದಲು ಒಂದು ರೆಕ್ಕೆಗೆ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ಸಂಜೆ ನಾಗಪತಿ ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿ, “ಚೊಲೋ ಕೂತೈತೆ” ಎನ್ನುತ್ತಿದ್ದ. ಪಾಪ, ತನ್ನದೇ ಕೆಲಸ ಅಂದುಕೊಂಡಿದ್ದಾನೆ ಎಂದು ಅವಳಿಗೆ ಅಳು ಬರುತ್ತಿತ್ತು.

ಅವನೋ, ಸಲಸಲಕ್ಕೂ ಇನ್ನೂ ಚಿಕ್ಕ ವಿಮಾನ ತರಿಸುತ್ತಿದ್ದ. ಈ ಸಲದ ಚಕ್ರ ಹೆಸರುಕಾಳಿನಷ್ಟೇ ಇತ್ತು. ಹೊನ್ನಿ ಅದನ್ನು ಚಿಟಿಕೆಯಲ್ಲಿ ಕಿತ್ತು ಕೂರಿಸಿದಳು. ಮರುದಿನ ಗಂಡನನ್ನು ಎಳೆದುಕೊಂಡು ಶಿರಸಿಯ ಬಸ್ಸು ಹತ್ತಿದಳು.

ಕಣ್ಣಿನ ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಕಟ್ಟಕಡೆಯ ಸಾಲನ್ನೂ ನಾಗಪತಿ ಗಡಗಡ ಓದಿದ. ಇವರ ಕಣ್ಣಿಗೆ ಏನೂ ಆಗಿಲ್ಲ, ಹದ್ದಿನ ಕಣ್ಣು ಎಂದು ಡಾಕ್ಟರು ನಕ್ಕರು.

ಹೊನ್ನಿಗೆ ಹೋದ ಜೀವ ಬಂತು. ಹಿಂದೆಯೇ ಸಿಟ್ಟೂ ಬಂತು.

“ಹಂಗಾರೆ ಬೇಕಂತ್ಲೇ ಕೆಡಸ್ತಿದ್ರಾ? ನನ್ನ ಎಂತ ಅಂದ್ಕಂಡೀರಿ?”

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ, ನಾಲ್ಕು ಜನರ ಎದುರೇ, ಅವನ ಕಿವಿ ಹಿಡಿದು ಹಿಂಡಿದಳು. ಕಿವಿ ಕೆಂಪಗಾಯಿತು.

ನಾಗಪತಿ ಕಣ್ಣೊರೆಸಿಕೊಂಡು ಮೂಳೆ ಡಾಕ್ಟರಿಗೆ ಫೋನ್ ಹಚ್ಚಿದ: “ಇನ್ನ್ ವಿಮಾನ ಕೆಡ್ಸೂದು ಬ್ಯಾಡ ಡಾಕ್ಟ್ರೇ. ಈಗಷ್ಟೇ ಕಿವಿ ಹಿಂಡಿದ್ಲು, ಬಲಗೈಯಲ್ಲೇ.”