ಉದ್ಯೋಗ: ಗೃಹಿಣಿ

ಇಯರ್‌ಫೋನಿನಲ್ಲಿ ತನ್ನ ಹೆಸರೇ ಕೇಳಿಬಂದಾಗ ಆಸ್ಪತ್ರೆಯ ಟೈಪಿಸ್ಟಳ ಎಡಗೈ ಕೀಲಿಮಣೆಯ ಮೇಲೆ ನಿಂತಿತು. ಬಲಗೈ ಬ್ಯಾಂಡೇಜಿನಲ್ಲಿತ್ತು. ಆಪರೇಷನ್ ಆಗಿ ಹತ್ತು ದಿನವಾಗಿತ್ತಷ್ಟೆ. ಬದಲಿಗೆ ಯಾರೂ ಸಿಗಲಿಲ್ಲವೆಂದು ಕರೆಸಿ ಕೂರಿಸಿದ್ದರು. ಇನ್ನೊಂದು ಕೈ ಇದೆಯಲ್ಲ, ಸಾಕಂತೆ!

ಟೈಪ್ ಮಾಡಲೆಂದು ರೆಕಾರ್ಡ್ ಮಾಡಿಕೊಟ್ಟ ಸರ್ಜನ್ನರ ಧ್ವನಿ ಕಿವಿಯಲ್ಲಿ ಎಂದಿನಂತೆ ಓಡುತ್ತಿತ್ತು. "ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವುದು ಪರೀಕ್ಷೆಯಲ್ಲಿ ಖಚಿತ. ನರದ ಮೇಲಿನ ಅಸ್ಥಿರಜ್ಜುವಿನ ಪಟ್ಟಿ ಕತ್ತರಿಸಿ ಒತ್ತಡ ಸಡಿಲಿಸಲಾಗಿದೆ. ಉದ್ಯೋಗ: ಗೃಹಿಣಿ. ಕಾರಣ: ಮನೆಗೆಲಸ."

ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಗೃಹಿಣಿಯೇ. ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಇದೇ ಕುರ್ಚಿಯಲ್ಲಿ ಕೂತು, ಇದೇ ಮನುಷ್ಯನ ಮಾತು ಕುಟ್ಟಿ ಕುಟ್ಟಿ ಹಾಳಾದ ಕೈ ಇದು. ಕೆಲಸದಿಂದ ಬಂದ ಕಾಯಿಲೆ ಎಂದು ಬರೆದರೆ ಆರು ವಾರ ರಜೆ, ಆಮೇಲೆ ಬೇರೆ ಕೆಲಸ. ಮನೆಗೆಲಸದಿಂದ ಎಂದರೆ ಮತ್ತೆ ಇದೇ ಕೀಲಿಮಣೆ, ಎಡಗೈಯೂ ಹೋಗುವ ತನಕ.

ಸರ್ಜನ್ ತಮ್ಮ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಇವಳು ಬಾಗಿಲು ತಟ್ಟಲೂ ಇಲ್ಲ.

"ನಾನು ಗೃಹಿಣೀನಾ ಸಾರ್?"

"ಏನಮ್ಮಾ, ಏನಾಯ್ತು?"

"ನನ್ನ ರಿಪೋರ್ಟಲ್ಲಿ ಹಾಗಂತ ಹೇಳಿದೀರಿ. ನಾನು ಸೌಟು ಹಿಡಿದು ಎರಡು ವರ್ಷ ಆಯ್ತು. ಅಡುಗೆ, ಪಾತ್ರೆ ಎಲ್ಲಾ ನಮ್ಮನೆಯವರದ್ದೇ. ಅವರ ಕೈ ಗಟ್ಟಿಮುಟ್ಟಾಗಿದೆ!"

ಸರ್ಜನ್ ನಕ್ಕುಬಿಟ್ಟರು. ಕೈಗುಣ ಇದ್ದ ಮನುಷ್ಯ, ಅದನ್ನು ಇಲ್ಲವೆನ್ನುವಂತಿಲ್ಲ. "ಬಾಯಿಗೆ ಹಾಗೇ ಬಂದ್ಬಿಡತ್ತಮ್ಮಾ. ಹೆಂಗಸರು ಅಂದ್ರೆ ಹಾಗೇ ಹೇಳಿ ಹೇಳಿ ರೂಢಿ. ಅಷ್ಟಕ್ಕೆಲ್ಲಾ ಸಿಟ್ಟು ಯಾಕೆ? ನಿಮ್ಮದನ್ನ ತಿದ್ಕೊಂಬಿಡಿ, ಸೈನ್ ಹಾಕ್ತೀನಿ."

ಬಂದ ಕೆಲಸ ಆಗಿತ್ತು. ಬಾಗಿಲ ತನಕ ಹೋದಳು, ಕಾಲು ಮುಂದೆ ಹೋಗಲಿಲ್ಲ. ಕಳೆದ ತಿಂಗಳು ಬಟ್ಟೆ ಕಾರ್ಖಾನೆಯಿಂದ ಇದೇ ಕಾಯಿಲೆಗೆಂದು ಹನ್ನೊಂದು ಹೆಂಗಸರು ಬಂದಿದ್ದರು. ಹನ್ನೊಂದು ರಿಪೋರ್ಟಿನಲ್ಲೂ ಇದೇ ಮಾತು, ಟೈಪ್ ಮಾಡಿದವಳು ಇವಳೇ. ಆಗ ಒಂದು ಸಲವೂ ಸಿಟ್ಟು ಬಂದಿರಲಿಲ್ಲ. ಈಗ ನಾಚಿಕೆಯಾಯಿತು, ಅದಕ್ಕೆ ಕೋಪ ಇನ್ನೂ ಏರಿತು.

"ಆ ಕಾರ್ಖಾನೆಯ ಹನ್ನೊಂದು ಜನ, ಸಾರ್?"

"ಅದೆಲ್ಲ ಆಗ್ಲೇ ಕಳಿಸಿ ಆಯ್ತಲ್ಲಮ್ಮಾ."

"ಗೊತ್ತು, ಕಳಿಸಿದ್ದು ನಾನೇ. ಆ ಗೃಹಿಣಿಯರೆಲ್ಲ ಈಗ ಎಲ್ಲಿದಾರೆ ಗೊತ್ತಾ ನಿಮಗೆ? ಹೊಲಿಗೆ ಮಿಷನ್ ಮುಂದೆ."