ಹೆಸರು ಹೋದ ಹಾಡು

ಡಿಸ್ಕಿನಲ್ಲಿ ಜಾಗ ಮಾಡಲು ಹೋಗಿ ಮುನಿಕೃಷ್ಣ ಹಳೆಯ ಮಾವಿನ ಮಂಡಿ ಜಾಹೀರಾತುಗಳ ಜೊತೆ ಕೊಂಡಮ್ಮನ ಹಾಡನ್ನೂ ಅಳಿಸಿಬಿಟ್ಟ. ಪಕ್ಕದಲ್ಲೇ ಕೊಂಡಮ್ಮ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಅದೇ ಹಾಡನ್ನು ಕೇಳುತ್ತಿದ್ದಳು.

"ಅಕ್ಕ, ಹೋಯ್ತು ಕಣೇ. ಎಲ್ಲೂ ಇಲ್ಲ."

ಅಂಗಡಿಯ ಒಡತಿ ರಜನಿ ಪರದೆಯತ್ತ ಬಗ್ಗಿದಳು. ಯಲ್ದೂರಿನ ಸೋಬಾನೆ ಹಾಡುಗಾರ್ತಿ ಕೊಂಡಮ್ಮ ಗಂಟಲ ಆಪರೇಷನ್ನಿಗೆ ಮುಂಚೆ ಶ್ರೀನಿವಾಸಪುರಕ್ಕೆ ಬಂದು, ಇದೇ ರೆಕಾರ್ಡಿಂಗ್ ಅಂಗಡಿಯಲ್ಲಿ ಹಾಡಿ ಹೋಗಿದ್ದಳು. ಈಗ ಉಳಿದಿರುವುದು ಪಿಸುದನಿ. ಹಾಡನ್ನು ಒಯ್ಯಲು ಇವತ್ತು ಬಂದಿದ್ದಳು. ಬೇರೆ ಕಾಪಿ ಇರಲಿಲ್ಲ.

ಮುನಿಕೃಷ್ಣನ ಬೆರಳು ಕಂಪ್ಯೂಟರಿನ ಸ್ವಿಚ್ಚಿನತ್ತ ಹೋಯಿತು. "ರೀಸ್ಟಾರ್ಟ್ ಮಾಡ್ಲಾ?"

"ಲೇ! ಮುಟ್ಟಿದ್ರೆ ಕೈ ಮುರೀತೀನಿ. ನೀನು ಅಳಿಸಿದ್ದು ಹೆಸರು ಕಣೋ, ಹಾಡಲ್ಲ."

"ಅಂದ್ರೆ?"

"ಅಜ್ಜಿಗೆ ಇನ್ನೂ ಕೇಳಿಸ್ತಿದೆಯಲ್ಲ, ಹೆಂಗೆ? ಒಂದು ಫೈಲನ್ನ ಎಷ್ಟು ಪ್ರೋಗ್ರಾಮ್ ಹಿಡ್ಕೊಂಡಿವೆ ಅಂತ ಸಿಸ್ಟಮ್ ಒಳಗಿರೋ ಕರ್ನಲ್ ಎಣಿಸ್ತಾ ಇರುತ್ತೆ. ಎಲ್ಲಾ ಬಿಟ್ಟ ಮೇಲೇನೇ ಅದು ಜಾಗ ಖಾಲಿ ಮಾಡೋದು. ಈಗ ಪ್ಲೇಯರ್ ಒಂದು ಹಿಡ್ಕೊಂಡಿದೆ. ಹಾಡು ಮುಗಿದ್ರೆ ಅದೂ ಬಿಟ್ಬಿಡುತ್ತೆ."

"ಹಂಗಾದ್ರೆ ನಿಲ್ಸೇ ಸ್ವಲ್ಪ! ಪರದೆ ನೋಡು, ಕೊನೇ ಚರಣ ಬಂತು!"

ರಜನಿ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಕೂತವಳ ಹಾಡನ್ನು ನಡುವೆ ಕತ್ತರಿಸುವಷ್ಟು ಅವಸರ ಅವಳ ಬೆರಳುಗಳಿಗಿರಲಿಲ್ಲ. ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ತೆರೆದು, ಪ್ಲೇಯರ್ ಏನೇನು ಹಿಡಿದಿದೆ ಎಂದು ಹುಡುಕಿದಳು. ಹಾಡು ಅಲ್ಲಿತ್ತು, ಹೆಸರಿನ ಮುಂದೆ 'ಅಳಿಸಲಾಗಿದೆ' ಎಂಬ ಷರಾ ಹೊತ್ತುಕೊಂಡು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಹಾಡಿನ ನಕಲು ಪೆನ್‌ಡ್ರೈವ್‌ಗೆ ಬಂದು ಕೂತಿತು. ಆಮೇಲೆ, ತನ್ನ ಪಾಡಿಗೆ ತಾನು, ಹಾಡು ಮುಗಿಯಿತು.

ಕೊಂಡಮ್ಮ ಕಣ್ಣು ಬಿಟ್ಟಳು. ಬೆವೆತಿದ್ದ ಮುನಿಕೃಷ್ಣನನ್ನು ನೋಡಿ, "ಏನಾಯ್ತ್ರಾ?" ಎಂದು ಪಿಸುಗುಟ್ಟಿದಳು.

ರಜನಿ ಮುಚ್ಚಿಡಲಿಲ್ಲ. "ಹಾಡು ಕೈ ತಪ್ಪಿತ್ತು ಅಜ್ಜಿ. ನೀವು ಕೇಳ್ತಾ ಇದ್ರಲ್ಲ, ಅದಕ್ಕೇ ಉಳೀತು." ಪೆನ್‌ಡ್ರೈವ್ ಚಾಚಿದಳು.

ಕೊಂಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಎದ್ದು, ಹಾಡನ್ನು ಮೊದಲಿಂದ ಹಾಕು ಎಂದು ರಜನಿಗೆ ಸನ್ನೆ ಮಾಡಿ, ಹೆಡ್‌ಫೋನನ್ನು ಮುನಿಕೃಷ್ಣನ ಕಿವಿಗೆ ಸಿಕ್ಕಿಸಿದಳು. "ಪಾಡ್ರಾ. ಹಾಡು."

"ಅಯ್ಯೋ ಅಜ್ಜಿ, ಹೆಣ್ಣುಮಕ್ಕಳ ಸೋಬಾನೆ! ಎದುರಿನ ಬಸ್‌ಸ್ಟ್ಯಾಂಡಲ್ಲಿ ಎಲ್ಲಾ ನಗ್ತಾರೆ."

"ನಗ್ಲಿ ಬಿಡ್ರಾ," ಎಂದಳು ಕೊಂಡಮ್ಮ, ಬಾಗಿಲನ್ನು ಪೂರ್ತಿ ತೆರೆಯುತ್ತ. "ನಗ್ತಾ ನಗ್ತಾ ಅವ್ರಿಗೂ ಪದ ಬಂದ್ಬಿಡುತ್ತೆ."