ಎರಡು ಕೋಸಂಬರಿ

ಊರಿನಲ್ಲಿ ಕೋಸಂಬರಿ ಎಂಬ ಹೆಸರಿನ ತಂಡಗಳು ಎರಡಿದ್ದವು. ಒಂದು, ಸಾವಿನ ಮನೆಗಳಲ್ಲಿ ತಾಳ ಹಿಡಿದು ಹಾಡುವ ಹೆಂಗಸರ ಭಜನಾ ಮಂಡಳಿ. ಇನ್ನೊಂದು, ಆರತಕ್ಷತೆಗಳಲ್ಲಿ ಕಿವಿಗಡಚಿಕ್ಕುವಂತೆ ಬಾರಿಸುವ ರಾಕ್ ಬ್ಯಾಂಡು. ಜನ ಫೋನ್ ನಂಬರು ಅದಲುಬದಲು ಮಾಡಿಕೊಳ್ಳುತ್ತಲೇ ಇದ್ದರು. ಮದುವೆಯವರು ತಪ್ಪಿ ಮಂಡಳಿಗೆ ಫೋನ್ ಮಾಡಿದರೆ ಅದನ್ನು ನಡೆಸುವ ವಿಶಾಲಮ್ಮ ಬ್ಯಾಂಡಿಗೆ ತಿಳಿಸುತ್ತಿದ್ದರು. ಸಾವಿನ ಮನೆಯವರು ತಪ್ಪಿ ಬ್ಯಾಂಡಿಗೆ ಮಾಡಿದರೆ ಅಲ್ಲಿನ ಡ್ರಮ್ಮಿನವನು ವಿಶಾಲಮ್ಮನಿಗೆ ವಿಳಾಸ ಬರೆಸುತ್ತಿದ್ದ. ನಾಲ್ಕು ವರ್ಷದಿಂದ ಹೀಗೇ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅಂದು ಮಧ್ಯಾಹ್ನ ಬ್ಯಾಂಡಿನ ನಂಬರಿನಿಂದ ಬಂದದ್ದು ಬೇರೆ ದನಿ.

"ಭಜನೆ ಇದೆ ಅಮ್ಮ. ವಿಳಾಸ ಬರ್ಕೊಳ್ತೀರಾ?"

ವಿಶಾಲಮ್ಮ ಬರೆದುಕೊಂಡರು. ಇಂಥ ವಿಳಾಸ ಬರೆಯುವಾಗ ಅವರಿಗೆ ಏನಾದರೂ ಅನ್ನಿಸುವುದು ನಿಂತು ಎಷ್ಟೋ ಕಾಲವಾಗಿತ್ತು.

"ವಯಸ್ಸಾದೋರಾ?"

"ಇಲ್ಲ. ಮೂವತ್ತೊಂದು."

"ಹಾಗಾದ್ರೆ ಬೇರೆ ದೇವರನಾಮ ಹಾಡ್ಬೇಕು," ಎಂದು ವಿಶಾಲಮ್ಮ ಅದನ್ನೂ ಗುರುತು ಹಾಕಿಕೊಂಡರು. "ನೀವು ಕ್ರಾಸ್ ಯಾವ್ದು ಅಂತ ಹೇಳ್ಲೇ ಇಲ್ಲ. ಯಾವಾಗ್ಲೂ ಫೋನ್ ಮಾಡೋರು ಮನೆ ಮುಂದೆ ಏನಿದೆ ಅನ್ನೋದನ್ನೂ ಹೇಳ್ತಿದ್ರು. ಸ್ವಲ್ಪ ಅವ್ರಿಗೆ ಕೊಡಿ."



"ನೀವು ಬರ್ಕೊಂಡಿದ್ದು ಅವನ ಮನೆ ವಿಳಾಸಾನೇ ಅಮ್ಮ."